ಸೀಟಿನ ಕೆಳಗಿನ ಹಲಸಿನ ತುಂಡು

ಬ್ರಹ್ಮಾವರದ ಹೊರಗಿರುವ ಆ ಗ್ಯಾರೇಜಿಗೆ ನಾನು ಮೊದಲ ಸಲ ಹೋದದ್ದು 2023ರ ಜನವರಿಯಲ್ಲಿ. ಹೆದ್ದಾರಿಯಿಂದ ಇಳಿದು ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಸ್ವಲ್ಪ ನಡೆದರೆ ಶೀಟು ಹೊದೆಸಿದ ಉದ್ದನೆಯ ಮಾಡು. ಅದರಡಿಯಲ್ಲಿ ಒಂದು ಕಾರು ತುಂಡುತುಂಡಾಗಿ ಹರಡಿಕೊಂಡಿತ್ತು. ಬಾಗಿಲುಗಳು ಗೋಡೆಗೆ ಒರಗಿದ್ದವು. ಬಾನೆಟ್ಟು ಹಳೆಯ ಟೈರುಗಳ ಮೇಲೆ ಮಗುಚಿಕೊಂಡು ಮಲಗಿತ್ತು. ಚಾಸಿ ಮಾತ್ರ ನಾಲ್ಕು ಕಲ್ಲುಗಳ ಮೇಲೆ ನಿಂತಿತ್ತು.

ಮೆಕ್ಯಾನಿಕ್ಕು ಐವತ್ತು ದಾಟಿದವರು. ತುಳು, ಕನ್ನಡ ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುತ್ತಿದ್ದರು. ಡ್ಯಾಶ್‌ಬೋರ್ಡಿನ ಹಿಂದಿನಿಂದ ಇಲಿಗೂಡು ತೆಗೆದದ್ದು, ಸೈಲೆನ್ಸರಿನೊಳಗೆ ಕುಂಬಾರಹುಳು ಮನೆ ಕಟ್ಟಿದ್ದು ಎಲ್ಲ ಹೇಳಿದ ಮೇಲೆ ಬೆಂಚಿನ ಕೆಳಗಿನಿಂದ ಒಂದು ಮರದ ತುಂಡು ತೆಗೆದು ನನ್ನ ಕೈಗಿಟ್ಟರು. ಹಲಸಿನ ಮರ. ಇಟ್ಟಿಗೆಯಷ್ಟು ಉದ್ದ, ಎರಡು ಇಂಚು ದಪ್ಪ. ಬೋಲ್ಟು ಹಾಯಲು ತೂತು ಕೊರೆದಿದ್ದರು. ಅಂಚುಗಳನ್ನು ಯಾರೋ ಪುರುಸೊತ್ತಿನಲ್ಲಿ ಉಜ್ಜಿ ನಯ ಮಾಡಿದ್ದರು.

“ಡ್ರೈವರ್ ಸೀಟಿನ ಕೆಳಗಿತ್ತು ಮೇಡಂ. ಕಂಪೆನಿಯವರು ಕೊಟ್ಟದ್ದಲ್ಲ. ಯಾರೋ ಕುಳ್ಳಗಿನವರು ಓಡಿಸ್ತಿದ್ರು ಅಂತ ಕಾಣ್ತದೆ. ಇದನ್ನು ವಾಪಸು ಹಾಕುವುದಾ, ಬೇಡವಾ?”

ನನಗೆ ಅದರ ಉತ್ತರ ಗೊತ್ತಿರಲಿಲ್ಲ. ನಾನು ಅಲ್ಲಿಗೆ ಹೋದದ್ದು ಮರದ ತುಂಡು ನೋಡಲಿಕ್ಕಲ್ಲ, ಕಾಗದ ನೋಡಲಿಕ್ಕೆ.

ನನ್ನ ಪಿಎಚ್.ಡಿ. ವಿಷಯ ಹಳೆಯ ಕುಂದಾಪುರ ತಾಲೂಕಿನ ಗೇಣಿ ಪದ್ಧತಿ ಮತ್ತು 1974ರ ನಂತರದ ಭೂನ್ಯಾಯ ಮಂಡಳಿಯ ಕಡತಗಳು. ಬೈಂದೂರು ಆಗ ಕುಂದಾಪುರ ತಾಲೂಕಿನ ಒಳಗೇ ಇತ್ತು. ಧೂಳು ಹಿಡಿದ ಕಡತಗಳನ್ನು ಓದುವ ಹುಡುಗಿಯೊಬ್ಬಳಿದ್ದಾಳೆ ಎಂದು ಯಾರೋ ಹೇಳಿ, ಬೈಂದೂರಿನ ಹೋಟೆಲ್ ಉದ್ಯಮಿಯೊಬ್ಬರು ನನಗೆ ಫೋನ್ ಮಾಡಿದ್ದರು. ಬೆಂಗಳೂರಿನಲ್ಲಿ ನೆಲೆಸಿದ್ದಾರೆ, ಹಳೆಯ ಕಾರುಗಳ ಹುಚ್ಚು. ಊರಿನ ಗೇರುಬೀಜ ಗೋದಾಮಿನ ಹಿಂದೆ ಬಿದ್ದಿದ್ದ ಈ ಕಾರನ್ನು ಕೊಂಡು ದುರಸ್ತಿಗೆ ಕೊಟ್ಟಿದ್ದರು. ಅವರಿಗೆ ಬೇಕಾದದ್ದು ಒಂದು ಪುಟ: ಈ ಕಾರು ಹುಟ್ಟಿದಾಗಿನಿಂದ ಯಾರ್ಯಾರ ಒಡೆತನದಲ್ಲಿತ್ತು ಎಂಬ ಚರಿತ್ರೆ. ಸಂಶೋಧನಾ ವೇತನ ತಿಂಗಳುಗಟ್ಟಲೆ ತಡವಾಗುವ ಕಾಲದಲ್ಲಿ ಇಂಥ ಕೆಲಸಕ್ಕೆ ಯಾರೂ ಒಲ್ಲೆ ಎನ್ನುವುದಿಲ್ಲ. ನಾನೂ ಎನ್ನಲಿಲ್ಲ.

ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಈಗಿನವರಿಗೆ ಹೆಸರೇ ಅಪರಿಚಿತ. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಆ ಕಾಲದ ಭಾರತದಲ್ಲಿ ಸಿಗುತ್ತಿದ್ದ ಮೂರನೆಯ ಕಾರು ಇದೇ. ಇಂಗ್ಲೆಂಡಿನಲ್ಲಿ 1959ರಲ್ಲಿ ‘ಟ್ರಯಂಫ್ ಹೆರಾಲ್ಡ್’ ಎಂಬ ಹೆಸರಿನಿಂದ ಬಂತು. ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಬಳಿಯ ವಂಡಲೂರಿನ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಇದನ್ನು ತಯಾರಿಸತೊಡಗಿತು. 948 ಸಿಸಿಯ ಸಣ್ಣ ಎಂಜಿನ್ನು. ಆದರೆ ಇದರ ಬಳಗ ದೊಡ್ಡದು. ಇದೇ ಚಾಸಿಯನ್ನು ಬದಲಿಸಿ ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಆಮೇಲೆ 1966ರಲ್ಲಿ ಎರಡು ಲೀಟರಿನ ಆರು ಸಿಲಿಂಡರ್ ಎಂಜಿನ್ನು ಕೂರಿಸಿ ಜಿಟಿ6 ಎಂಬ ಗ್ರ್ಯಾಂಡ್ ಟೂರರ್ ಹೊರತಂದರು. ದೂರದೂರಿಗೆ ವೇಗವಾಗಿ, ಸುಖವಾಗಿ ಹೋಗುವ ಶ್ರೀಮಂತರ ಕಾರುಗಳನ್ನು ಹಾಗೆ ಕರೆಯುತ್ತಾರೆ. ನಮ್ಮ ಹೆರಾಲ್ಡ್ ಆ ಮನೆತನದ ಬಡ ಸೋದರಿ.

ತುಂಡುತುಂಡಾಗಿ ಬಿಚ್ಚಲು ಬರುವುದಕ್ಕೂ ಒಂದು ಕಾರಣವಿದೆ. ಕಂಪೆನಿಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಪ್ರತಿಸ್ಪರ್ಧಿ ಕಂಪೆನಿ ಕೊಂಡುಬಿಟ್ಟಿತ್ತು. ಇಡೀ ಮೈಯನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿದ್ದರಿಂದ ಬೇರೆಬೇರೆ ಕಡೆ ತುಂಡುಗಳನ್ನು ಮಾಡಿಸಿ ಚಾಸಿಯ ಮೇಲೆ ಬೋಲ್ಟು ಹಾಕಿ ಜೋಡಿಸಿದರು. ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಕಳಿಸಿ ಬೇರೆ ದೇಶಗಳಲ್ಲಿ ಜೋಡಿಸಲು ಅದೇ ಅನುಕೂಲವಾಯಿತು. ಅರವತ್ತು ವರ್ಷದ ಮೇಲೆ ಬ್ರಹ್ಮಾವರದ ಮೆಕ್ಯಾನಿಕ್ಕಿಗೂ ಅನುಕೂಲವಾಯಿತು.

ಹಳೆಯ ಬ್ರಿಟಿಷ್ ಕಾರುಗಳ ಲೋಕದಲ್ಲಿ ಯಂತ್ರದಷ್ಟೇ ಬೆಲೆ ಅದರ ಚರಿತ್ರೆಗೂ ಇದೆ. 1952ರಿಂದ 1955ರವರೆಗೆ ತಯಾರಾದ ಬೆಂಟ್ಲಿ ಆರ್-ಟೈಪ್ ಕಾಂಟಿನೆಂಟಲ್ ಕಾರುಗಳು ಒಟ್ಟು 208. ಅವುಗಳ ಒಂದೊಂದರ ವಂಶವೃಕ್ಷ ಬರೆಯುವವರಿದ್ದಾರೆ. ಮೊದಲು ಕೊಂಡವರು ಯಾರು, ಯಾವ ಬಣ್ಣ, ಮಧ್ಯೆ ಎಷ್ಟು ಕೈ ಬದಲಾಯಿತು ಎಂಬುದಕ್ಕೆಲ್ಲ ದಾಖಲೆಯ ಕಡತ ಇದ್ದರೆ ಹರಾಜಿನಲ್ಲಿ ಬೆಲೆ ಏರುತ್ತದೆ.

ನಮ್ಮ ಉದ್ಯಮಿಗೆ ಹರಾಜಿನ ಚಿಂತೆ ಇರಲಿಲ್ಲ, ನಂಬರಿನ ಚಿಂತೆ ಇತ್ತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪ ಉಳಿದಿರಬೇಕು. ಹೊಸದಾಗಿ ನೋಂದಾಯಿಸಿದರೆ ‘ವಿಎ’ ಅಕ್ಷರಗಳಿರುವ ಹೊಸ ಸಂಖ್ಯೆ. ಈಗಾಗಲೇ ನೋಂದಣಿ ಇದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇವರಿಗೆ ಮೈಸೂರು ರಾಜ್ಯದ ಕಾಲದ, ‘ಎಂವೈ’ಯಿಂದ ಶುರುವಾಗುವ ಆ ಹಳೆಯ ನಂಬರೇ ಬೇಕಿತ್ತು. ಅದಕ್ಕಾಗಿ ಮೊದಲ ಮಾಲೀಕನಿಂದ ಇವರ ತನಕ ಕೊಂಡಿ ತಪ್ಪದಂತೆ ಕಾಗದ ಕೂಡಿಸಬೇಕಿತ್ತು.

ಹಾಗಾಗಿ ನಾನು ಚರಿತ್ರೆಯನ್ನು ಹಿಂದಿನಿಂದ ಶುರು ಮಾಡಿದೆ.

ಬೈಂದೂರಿನಲ್ಲಿ ಕೊನೆಯ ಅಧಿಕೃತ ಮಾಲೀಕರ ಮನೆ ಸಿಕ್ಕಿತು. ಅವರು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವರು, ತೀರಿಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ಅವರ ಹೆಂಡತಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಮಡಿಕೆ ಹರಿದ ಆರ್‌ಸಿ ಪುಸ್ತಕ. ಜೊತೆಗೆ ಗಂಡ ಸಹಿ ಮಾತ್ರ ಹಾಕಿ ಉಳಿದದ್ದನ್ನು ಖಾಲಿ ಬಿಟ್ಟಿದ್ದ ಫಾರಂ 29, ಫಾರಂ 30. ನಮ್ಮಲ್ಲಿ ವಾಹನಗಳು ಹೀಗೇ ಕೈ ಬದಲಾಯಿಸುತ್ತವೆ. ಖಾಲಿ ಫಾರಮ್ಮಿಗೆ ಒಂದು ಸಹಿ, ಒಂದು ಕೈಕುಲುಕು. ಕಾರು ಹೋಗುತ್ತದೆ, ಹೆಸರು ಉಳಿಯುತ್ತದೆ. ಇವರ ಕಾರು ಸಾವಿಗೆ ಮೊದಲೇ ಯಾರೋ ಗ್ಯಾರೇಜಿನವರ ಪಾಲಾಗಿ, ಅಲ್ಲಿಂದ ಗೋದಾಮಿನ ಹಿತ್ತಿಲು ಸೇರಿತ್ತು. ಸರ್ಕಾರದ ಪುಸ್ತಕದಲ್ಲಿ ಮಾತ್ರ ಸತ್ತವರೇ ಮಾಲೀಕರು. ಹೀಗೆ ಮಾರಿದ ವಾಹನ ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಈಗ ದಾರಿ ಒಂದೇ. ಸತ್ತವರಿಂದ ನೇರ ಖರೀದಿ ಸಾಧ್ಯವಿಲ್ಲ. ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ಅವರು ಮಾರಬೇಕು. ಹಾಗೆ ಆ ಹೆಂಗಸು ಮುಂದೆ ಹದಿನೇಳು ದಿನ ಈ ಕಾರಿನ ಮಾಲೀಕರಾದರು. ಸಹಿ ಹಾಕುವಾಗ ನಕ್ಕರು. “ನಾನ್ ಅದ್ರಲ್ ಒಂದ್ ಸಲವೂ ಕೂಕಂಡಿಲ್ಲ ಹೆಣೆ. ಕಲೂಕೆ ಬಂದವ್ರೇ ಕೂಕಂಡದ್ದ್” ಎಂದರು.

ಆರ್‌ಸಿ ಪುಸ್ತಕವನ್ನು ಹಿಂದಕ್ಕೆ ಮಗುಚಿದೆ. 1992ರಲ್ಲಿ ಬೈಂದೂರಿಗೆ ಮಾರಿದವರು ಬ್ರಹ್ಮಾವರದ ಕಡೆಯ ಅಕ್ಕಿ ಗಿರಣಿಯವರು. ಅವರಿಗೆ 1985ರಲ್ಲಿ ಕೊಟ್ಟವರು ಕುಂದಾಪುರ ಪೇಟೆಯ ಒಬ್ಬ ವೈದ್ಯರು. ಗಿರಣಿಯವರ ಮಗ ನನಗೊಂದು ಫೋಟೋ ತೋರಿಸಿದರು: ಬಿಳಿ ಹೆರಾಲ್ಡಿನ ಬಾನೆಟ್ಟಿನ ಮೇಲೆ ಚೌತಿಯ ಗಣಪತಿ, ಮಾಬುಕಳ ಸೇತುವೆಯ ಹತ್ತಿರ. ವೈದ್ಯರ ಮನೆಯವರು ಊರು ಬಿಟ್ಟಿದ್ದರು. ಆದರೆ ಅವರ ಹಳೆಯ ಕಾಂಪೌಂಡರ್ ಸಿಕ್ಕಿ, ಈ ಕಾರು ಸಣ್ಣ ಓಣಿಯಲ್ಲಿ ಒಂದೇ ಸುತ್ತಿಗೆ ತಿರುಗುತ್ತಿದ್ದದ್ದನ್ನು ಕೈಯಾಡಿಸಿ ತೋರಿಸಿದರು. ಅದು ನಿಜ. ಹೆರಾಲ್ಡ್ 25 ಅಡಿಯ ವೃತ್ತದಲ್ಲಿ ತಿರುಗುತ್ತದೆ, ಲಂಡನ್ನಿನ ಟ್ಯಾಕ್ಸಿಯ ಹಾಗೆ.

ಪುಸ್ತಕದ ಮೊದಲ ಪುಟದ ಶಾಯಿ ಮಾಸಿತ್ತು. ಅದನ್ನು ನಾನು ಗ್ಯಾರೇಜಿನ ಬಾಗಿಲ ಬೆಳಕಿನಲ್ಲಿ ಹಿಡಿದು ಓದುತ್ತಿದ್ದಾಗ ಪಕ್ಕದಲ್ಲಿ ಮೆಕ್ಯಾನಿಕ್ಕು ಬಾಗಿಲೊಂದನ್ನು ಉಜ್ಜುತ್ತಿದ್ದರು. ಮೇಲಿನ ಪದರ ಡ್ರೈವಿಂಗ್ ಸ್ಕೂಲಿನ ಹಳದಿ. ಅದರಡಿ ಬಿಳಿ. ಬಿಳಿಯಡಿ ಇನ್ನೊಂದು ಬಿಳಿ. ಎಲ್ಲದರ ಅಡಿಯಲ್ಲಿ ಕೆಂಪು.

“ಒರಿಜಿನಲ್ ಕೆಂಪು ಮೇಡಂ” ಎಂದರು ಅವರು.

ನಮ್ಮ ಮನೆಯಲ್ಲಿ ‘ಕೆಂಪು ಕಾರು’ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮೊದಲ ಪುಟದಲ್ಲಿ 1966 ಎಂದಿತ್ತು. ಅದರ ಮುಂದಿನ ಹೆಸರು, ನಾನು ನನ್ನ ಸಂಶೋಧನೆಗಾಗಿ ಮೂರು ವರ್ಷದಿಂದ ಓದುತ್ತಿದ್ದ ಕಡತಗಳಲ್ಲಿ ಮತ್ತೆಮತ್ತೆ ಬರುವ ಹೆಸರು. ಕುಂದಾಪುರದಿಂದ ಮೂಡಣಕ್ಕೆ, ಹಾಲಾಡಿ ಹೊಳೆಯ ಬದಿಯ ನಮ್ಮೂರಿನ ದೊಡ್ಡಮನೆಯ ಒಡೆಯರದು. ಅವರ ಕಾರಿಗೆ 1966ರಿಂದ ಹನ್ನೆರಡು ವರ್ಷ ಡ್ರೈವರ್ ಆಗಿದ್ದವರು ನನ್ನ ಅಜ್ಜಯ್ಯ. ಅವರ ಎತ್ತರ ಐದಡಿ ಒಂದಿಂಚು.

ಅಜ್ಜಯ್ಯ ತೀರಿಕೊಂಡಾಗ ನಾನು ಒಂಬತ್ತನೇ ತರಗತಿ. ಅವರು ಕಾರಿನ ಬಗ್ಗೆ ಹೇಳುತ್ತಿದ್ದ ಒಂದು ಮಾತು ನನಗೆ ಆಗ ಅರ್ಥವಾಗಿರಲಿಲ್ಲ: “ಅದ್ಕೆ ಎರಡೇ ಬಾಗ್ಲ್.” ಹೆರಾಲ್ಡಿಗೆ ನಾಲ್ಕು ಬಾಗಿಲು ಬಂದದ್ದು 1968ರಲ್ಲಿ, ಇಲ್ಲಿನವರೇ ಮಾಡಿದ ಬದಲಾವಣೆ. ಅದಕ್ಕೂ ಮೊದಲಿನದಕ್ಕೆ ಎರಡೇ. ಹಿಂದೆ ಕೂರಬೇಕಾದರೆ ಎದುರಿನ ಸೀಟು ಮಡಚಿ, ಬಗ್ಗಿ ನುಸುಳಬೇಕು. ಹೊಟ್ಟೆ ಬಂದ ಒಡೆಯರಿಗೆ ಅದು ಆಗದ ಕೆಲಸ. ಅಂಬಾಸಿಡರ್ ಇಟ್ಟುಕೊಂಡವರು ಹಿಂದೆ ಕೂತು ಡ್ರೈವರನ ಕುತ್ತಿಗೆ ನೋಡುತ್ತ ಹೋಗುತ್ತಿದ್ದರು. ನಮ್ಮೂರಿನ ಒಡೆಯರು ತಮ್ಮ ಗೇಣಿ ಒಕ್ಕಲಿನವನ ಭುಜಕ್ಕೆ ಭುಜ ತಾಗಿಸಿ ಕೂರಬೇಕಾಯಿತು. ಮನೆಯ ಅಂಗಳದಲ್ಲಿ ಹತ್ತು ಹೆಜ್ಜೆ ದೂರ ನಿಲ್ಲಬೇಕಾಗಿದ್ದ ಅಜ್ಜಯ್ಯ, ಕಾರಿನೊಳಗೆ ಅವರ ಉಸಿರು ಕೇಳುವಷ್ಟು ಹತ್ತಿರ.

ಅಜ್ಜಯ್ಯ ಡ್ರೈವರ್ ಅಷ್ಟೇ ಅಲ್ಲ, ದೊಡ್ಡಮನೆಯ ಚಾಲಗೇಣಿ ಒಕ್ಕಲೂ ಹೌದು. ನಮ್ಮ ಜಿಲ್ಲೆಯ ಗೇಣಿಯಲ್ಲಿ ಎರಡು ಬಗೆ. ಮೂಲಗೇಣಿಯವನಿಗೆ ಶಾಶ್ವತ ಹಕ್ಕು, ಗೇಣಿಯೂ ಗೊತ್ತುಪಡಿಸಿದ್ದು. ಚಾಲಗೇಣಿಯವನು ಒಡೆಯನಿಗೆ ಬೇಕೆನಿಸುವಷ್ಟು ದಿನ ಮಾತ್ರ. ಅಜ್ಜಯ್ಯನಿಗೆ ಹನ್ನೆರಡು ಮುಡಿ ಗೇಣಿಯ ಗದ್ದೆ ಇತ್ತು, ಪಕ್ಕದ ಗದ್ದೆ ಅವರ ಅಣ್ಣನದು.

1974ರ ಮಾರ್ಚ್ 1ರಂದು, ದೇವರಾಜ ಅರಸರ ಸರ್ಕಾರದ ತಿದ್ದುಪಡಿಯ ಪ್ರಕಾರ, ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದ ಕೈಸೇರಿತು. ಉಳುತ್ತಿದ್ದವನು ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟರೆ ವಿಚಾರಣೆ ಆಗಿ ಗದ್ದೆ ಅವನದಾಗುತ್ತದೆ. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಹಾಕುವುದು’ ಎಂದೇ ಹೆಸರು. ಕೊನೆಯ ದಿನಾಂಕವನ್ನು ಮುಂದೂಡುತ್ತ ಮುಂದೂಡುತ್ತ 1979ರ ಜೂನ್ 30ರ ತನಕ ತಂದರು. ಮೊದಲಿಗೆ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶ ಇರಲಿಲ್ಲ. ಹೀಗಾಗಿ ಒಡೆಯರು ಖುದ್ದಾಗಿ ಕುಂದಾಪುರಕ್ಕೆ ಹೋಗಬೇಕಿತ್ತು. ಹೋಗುತ್ತಿದ್ದದ್ದು ಕೆಂಪು ಕಾರಿನಲ್ಲಿ.

ಅಜ್ಜಯ್ಯನ ಅಣ್ಣ ಡಿಕ್ಲರೇಶನ್ ಹಾಕಿದರು. ಅವರ ವಿಚಾರಣೆಯ ದಿನ ಒಡೆಯರನ್ನು ಕರೆದೊಯ್ದದ್ದು ಅಜ್ಜಯ್ಯ. ಅಣ್ಣ ಬಸ್ಸಿನಲ್ಲಿ ಹೋದರು. ಆ ಕಡತವನ್ನು ನಾನು ಓದಿದ್ದೇನೆ. ಅಣ್ಣನ ಹೆಬ್ಬೆಟ್ಟಿನ ಗುರುತಿದೆ, ಒಡೆಯರ ಉದ್ದನೆಯ ಸಹಿಯಿದೆ. ಹೊರಗೆ ಮರದ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ಕಾದವರ ಬಗ್ಗೆ ಕಡತದಲ್ಲಿ ಏನೂ ಇಲ್ಲ, ಇರಬೇಕಾಗಿಯೂ ಇಲ್ಲ. ನಮ್ಮೂರಿನ ಫಾರಂ 7ರ ಪಟ್ಟಿಯನ್ನು ನಾನು ಮೊದಲ ಸಲ ನೋಡಿದಾಗ ಅಜ್ಜಯ್ಯನ ಹೆಸರನ್ನು ಎರಡು ಬಾರಿ ಹುಡುಕಿದ್ದೆ. ಇರಲಿಲ್ಲ.

ಅವರು ಯಾಕೆ ಹಾಕಲಿಲ್ಲ ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದು ಕತೆ ಇದೆ. ಅಪ್ಪ ಹೇಳುವ ಕತೆ. ಅಣ್ಣನ ವಿಚಾರಣೆ ಮುಗಿಸಿ ಬರುವಾಗ ಒಡೆಯರು, “ನೀನೊಬ್ಬ ಹಾಕಲಿಲ್ಲ ನೋಡು. ನನ್ನ ಕಾಲದ ನಂತರ ಈ ಕಾರು ನಿನಗೇ” ಎಂದರಂತೆ. ಒಡೆಯರು 1977ರಲ್ಲಿ ತೀರಿಕೊಂಡರು. ಮರುವರ್ಷ ಮಕ್ಕಳು ಕಾರನ್ನು ವೈದ್ಯರಿಗೆ ಮಾರಿದರು. ಅಜ್ಜಯ್ಯನೇ ಕಾರನ್ನು ವೈದ್ಯರ ಅಂಗಳಕ್ಕೆ ಬಿಟ್ಟು, ಕೀ ಕೊಟ್ಟು, ಬಸ್ಸು ಹತ್ತಿ ಬಂದರು. ಗದ್ದೆಯನ್ನೂ ಅದೇ ವರ್ಷ ಬಿಟ್ಟುಕೊಟ್ಟರು. ಆಮೇಲೆ ಹಂಚಿನ ಕಾರ್ಖಾನೆಯ ಲಾರಿ ಓಡಿಸಿದರು. 1998ರಲ್ಲಿ, ಹಿಂದೆ ಅರ್ಜಿ ಹಾಕದೆ ಉಳಿದವರಿಗೆ ಫಾರಂ 7ಎ ಎಂಬ ಎರಡನೆಯ ಅವಕಾಶ ಬಂದಾಗ, ಆ ತನಕ ಬಿಡದೆ ಸಾಗುವಳಿ ಮಾಡುತ್ತಿದ್ದವರಿಗೆ ಮಾತ್ರ ಎಂದಿತ್ತು. ಅಣ್ಣನ ಮಕ್ಕಳಿಗೆ ಇವತ್ತು ಅಡಿಕೆ ತೋಟವಿದೆ. ನಮಗೆ ಹತ್ತು ಸೆಂಟ್ಸಿನ ಮನೆ ಅಡಿ.

ಉಪ್ಪು ತಿಂದ ಮನೆಗೆ ಎರಡು ಬಗೆಯಲಾರದೆ ಗದ್ದೆ ಬಿಟ್ಟರು, ಬಾಯಿಮಾತು ನಂಬಿ ಕಾರೂ ಸಿಗದೆ ಹೋಯಿತು. ಈ ಕತೆಯನ್ನು ನಾನು ಎಷ್ಟು ನಂಬಿದ್ದೆ ಎಂದರೆ, ನನ್ನ ಪಿಎಚ್.ಡಿ. ವಿಷಯ ಆಯ್ದುಕೊಂಡದ್ದೇ ಇದರ ಸಿಟ್ಟಿನಿಂದ. ಈಗ ಆ ಕಾರಿನ ‘ಮಾಲೀಕರ ಚರಿತ್ರೆ’ಯನ್ನು ದುಡ್ಡಿಗೆ ಬರೆಯುವ ಸರದಿ ನನ್ನದೇ ಆಗಿತ್ತು.

ದೊಡ್ಡಮನೆಗೆ ಹೋದೆ. ಆ ಕಾಲದವರಲ್ಲಿ ಉಳಿದಿರುವವರು ಒಡೆಯರ ಹಿರಿಯ ಸೊಸೆ ಒಬ್ಬರೇ. ವಯಸ್ಸು ಎಂಬತ್ತು ದಾಟಿದೆ. ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ನಾನು ಯಾರ ಮೊಮ್ಮಗಳು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಸೀಟು ಮಡಚಿ ಕೊಡ್ತಿದ್ದದ್ದು ಅವರೇ” ಎಂದರು. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಇವರು. ಎದುರಿನವರು ಇಳಿದು ಸೀಟು ಮಡಚುವ ತನಕ ಹೆಂಗಸರು ಒಳಗೇ. ಒಡೆಯರು ಇಳಿದು ಮರೆತು ಹೋಗಿಬಿಡುತ್ತಿದ್ದರು. ಅಜ್ಜಯ್ಯ ಈಚೆಯಿಂದ ತಮ್ಮ ಸೀಟು ಮಡಚಿ, ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದರಂತೆ.

“ಕಾರು ತೆಗೆದದ್ದು ನಮ್ಮತ್ತೆಯ ಕಾಸಿನಸರ ಮಾರಿ. ಅವರ ಹೆಸರು ಎಲ್ಲಾದರೂ ಉಂಟಾ ನಿನ್ನ ಪುಸ್ತಕದಲ್ಲಿ?” ಎಂದು ಕೇಳಿದರು.

ಇಲ್ಲ ಎಂದೆ. ನಾನು ಕೇಳಬೇಕಾದ್ದನ್ನು ಕೇಳಿದೆ. ಕಾರು ಅಜ್ಜಯ್ಯನಿಗೆ ಎಂದು ಮಾವ ಹೇಳಿದ್ದು ನಿಜವಾ?

“ಹೇಳಿರಬಹುದು” ಎಂದರು. “ಅತ್ತೆಗೂ ಹೇಳಿದ್ದರು, ಮುಂದಿನ ಬೆಳೆಗೆ ಸರ ಮಾಡಿಸಿಕೊಡ್ತೇನೆ ಅಂತ. ಮಾತು ಕೊಡುವುದಕ್ಕೆ ಅವರಿಗೆ ಖರ್ಚಿರಲಿಲ್ಲ.”

ಆ ರಾತ್ರಿ ಮನೆಯಲ್ಲಿ ಮೂರು ಕಾನೂನುಗಳನ್ನು ಒಟ್ಟಿಗೆ ಇಟ್ಟುಕೊಂಡು ಕೂತೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾಲೀಕ ಎಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವನು. ಕಂತಿನ ಒಪ್ಪಂದದಲ್ಲಿ ತಂದ ವಾಹನವಾದರೆ ಮಾತ್ರ ಯಾರ ವಶದಲ್ಲಿದೆಯೋ ಅವನೇ ಮಾಲೀಕ. 1974ರ ಭೂಸುಧಾರಣೆ ಕೇಳಿದ್ದು ನೆಲದಲ್ಲಿ ಯಾರು ದುಡಿಯುತ್ತಿದ್ದರು ಎಂದು. ಹೆರಾಲ್ಡ್ ಹುಟ್ಟಿದ ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆ. ಅಲ್ಲಿ ನೋಂದಣಿ ಪತ್ರಕ್ಕೆ ವಿ5ಸಿ ಎಂದು ಹೆಸರು. ಅದರಲ್ಲಿರುವುದು ‘ಓನರ್’ ಹೆಸರಲ್ಲ, ‘ರಿಜಿಸ್ಟರ್ಡ್ ಕೀಪರ್’ ಹೆಸರು. ವಾಹನವನ್ನು ಇಟ್ಟುಕೊಂಡು ಅದರ ತೆರಿಗೆ, ದಂಡಗಳಿಗೆ ಹೊಣೆಯಾಗಿರುವವನು. ಇದು ಒಡೆತನದ ಪುರಾವೆಯಲ್ಲ ಎಂದು ಆ ಪತ್ರದ ಮೇಲೇ ಮುದ್ರಿಸಿರುತ್ತಾರೆ. ಅಂದರೆ ಅಲ್ಲಿ ಲಕ್ಷಗಟ್ಟಲೆ ಪೌಂಡಿಗೆ ಹರಾಜಾಗುವ ಗ್ರ್ಯಾಂಡ್ ಟೂರರುಗಳ ಸರ್ಕಾರಿ ಕಾಗದ ಕೂಡ ಇಟ್ಟುಕೊಂಡವರ ಕಾಗದವೇ.

ಒಂದು ಕಾನೂನಿಗೆ ಹೆಸರು ಸಾಕು. ಇನ್ನೊಂದು ದುಡಿಮೆಯನ್ನು ಕೇಳುತ್ತದೆ. ಮೂರನೆಯದು ಒಡೆಯ ಯಾರು ಎಂಬ ಪ್ರಶ್ನೆಗೆ ಕೈಯನ್ನೇ ಹಾಕುವುದಿಲ್ಲ. ಅಜ್ಜಯ್ಯನ ಪಾಲಿಗೆ ನೆಲದ ಕಾನೂನು ಕಾರಿಗೆ ಹೊಂದಿದ್ದರೆ, ಹನ್ನೆರಡು ವರ್ಷ ನಡೆಸಿದವನೆಂದು ಫಾರಂ 7 ಹಾಕಬಹುದಿತ್ತು ಎಂದು ಯೋಚಿಸಿ ನನಗೆ ನಗು ಬಂತು. ಅಮ್ಮಮ್ಮ ಪಕ್ಕದಲ್ಲಿ ಮಲಗಿದ್ದರು, ನಿದ್ದೆ ಬಂದಿರಲಿಲ್ಲ. ಎಂತಕ್ಕೆ ನಗುವುದು ಎಂದು ಕೇಳಿದರು. ಹೇಳಿದೆ. ಮರದ ತುಂಡಿನ ವಿಷಯವನ್ನೂ ಹೇಳಿದೆ.

ಅವರು ಎದ್ದು ಕೂತರು. ತುಂಡು ನಮ್ಮ ಹಿತ್ತಿಲಿನ ಹಲಸಿನದು. ಗೆರಸೆಯಲ್ಲಿ ಅಕ್ಕಿ ಕೇರುತ್ತ ಇವರು, ಅದನ್ನು ಉಜ್ಜುತ್ತ ಅವರು, ಒಂದಿಡೀ ಮಧ್ಯಾಹ್ನ. ಆಮೇಲೆ ಅಮ್ಮಮ್ಮ ನಾನು ಕೇಳದ ಒಂದು ಮಾತು ಹೇಳಿದರು.

“ಫಾರಂ ತಾಲೂಕಾಫೀಸಿಂದ ತಂದ್ ಕೊಟ್ಟದ್ದ್ ನಾನ್.”

ಅಪ್ಪನ ಕತೆಯಲ್ಲಿ ಈ ಭಾಗ ಇರಲಿಲ್ಲ. ಅಮ್ಮಮ್ಮ ಮೀನಿನ ಬುಟ್ಟಿಯವರ ಜೊತೆ ಕುಂದಾಪುರಕ್ಕೆ ನಡೆದು ಹೋಗಿ ಖಾಲಿ ಫಾರಂ 7 ತಂದಿದ್ದರು. ಅಜ್ಜಯ್ಯ ಅದನ್ನು ಮಡಚಿ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟುಕೊಂಡರು. ಇವತ್ತು ಹಾಕುತ್ತೇನೆ, ನಾಳೆ ಹಾಕುತ್ತೇನೆ. ಮಂಡಳಿಯ ಬಾಗಿಲಿಗೆ ಹತ್ತಾರು ಸಲ ಹೋದರು. ಪಕ್ಕದ ಸೀಟಿನಲ್ಲಿ ಒಡೆಯರು, ಮೊಣಕಾಲಿನ ಎದುರು ಫಾರಂ. ಸರ್ಕಾರ ಗಡುವು ಮುಂದೂಡಿದಾಗಲೆಲ್ಲ ಅವರೂ ಮುಂದೂಡಿದರು. ಕಾರು ಮಾರುವಾಗ ಅದನ್ನು ತೆಗೆದುಕೊಳ್ಳಲಿಲ್ಲ.

“ಒಡೆಯರು ಕಾರು ಕೊಡ್ತಾರೆ ಅಂತ ನಂಬಿ ಕೂತದ್ದಾ?” ಎಂದೆ.

“ನಂಬಿದ್ದ್ ನಾನ್. ಅವ್ರ್ ನಂಬಿರ್ಲಿಲ್ಲ. ಡಿಕ್ಲರೇಶನ್ ಹಾಕ್ರೆ ಅದೇ ಸಂಜಿ ಕೀ ವಾಪಸ್ ಕೊಡ್ಕಿತ್ತ್. ಅದ್ ಅವ್ರಿಗ್ ಆಯ್ತಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಕಾರ್ ಯಾರದ್ದ್ ಅಂತ ಕೇಣ್ಬೇಡ ಹೆಣೆ. ಅವ್ರೇ ಕಾರಿಂದಾಗಿದ್ರ್” ಎಂದರು. ಅವರ ದನಿಯಲ್ಲಿ ಮೆಚ್ಚುಗೆ ಇರಲಿಲ್ಲ. ಹನ್ನೆರಡು ಮುಡಿ ಗದ್ದೆಯ ಲೆಕ್ಕ ಇನ್ನೂ ಚುಕ್ತಾ ಆಗದವರ ದನಿ ಅದು.

ನಾನು ಸುಮ್ಮನಾದೆ. ನನ್ನ ಪ್ರಬಂಧದ ಅಧ್ಯಾಯವೊಂದರಲ್ಲಿ ‘ಸ್ವಾಮಿನಿಷ್ಠೆಯಿಂದಾಗಿ ಹಕ್ಕು ಕೇಳದ ಗೇಣಿದಾರರು’ ಎಂಬ ಉಪಶೀರ್ಷಿಕೆ ಇತ್ತು. ಅದರ ಕೆಳಗೆ, ಹೆಸರು ಹೇಳದೆ, ಅಜ್ಜಯ್ಯನನ್ನೂ ಸೇರಿಸಿದ್ದೆ. ಅವರು ನಿಷ್ಠೆಗೆ ಸೋತವರಲ್ಲ. ಹೆಂಡತಿಯ ಮಾತು ಮೀರಿ, ಮಕ್ಕಳ ಅನ್ನದ ಗದ್ದೆಯನ್ನು ಪಣಕ್ಕಿಟ್ಟು, ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ ಇಟ್ಟುಕೊಂಡು ಬೈಂದೂರಿಗೆ ಕಾರು ಓಡಿಸುವ ಸುಖವನ್ನು ಆರಿಸಿಕೊಂಡವರು. ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನನಗೆ ಆಗುವುದಿಲ್ಲ. ಆದರೆ ಅವರು ಮೋಸಹೋದವರು ಎಂದಷ್ಟೇ ಬರೆದರೆ, ಆ ಸೀಟಿನಿಂದ ನಾನೂ ಅವರನ್ನು ಇಳಿಸಿದಂತೆ. ಮರುದಿನ ಆ ಉಪಶೀರ್ಷಿಕೆ ಅಳಿಸಿದೆ. ಅಲ್ಲಿ ಏನು ಬರೆಯಬೇಕೆಂದು ಇವತ್ತಿಗೂ ಹೊಳೆದಿಲ್ಲ. ಮಾರ್ಗದರ್ಶಕರು ಎರಡು ಸಲ ಕೇಳಿದ್ದಾರೆ.

ಇಲಿಗೂಡಿನ ಬಗ್ಗೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಅದರಲ್ಲಿ ಕಾಗದ ಇತ್ತಾ? “ಕಾಗದವೇ ಮೇಡಂ, ಪುಡಿಪುಡಿ. ಸುಟ್ಟುಬಿಟ್ಟೆ” ಎಂದರು.

ಆ ಮಳೆಗಾಲದ ಹೊತ್ತಿಗೆ ಕಾರು ನಿಂತಿತು. ಹೊಸ ಕೆಂಪು ಬಣ್ಣ, ಕ್ರೋಮಿಯಂ ಅಂಚು. ಉದ್ಯಮಿ ಬೆಂಗಳೂರಿನಿಂದ ಬಂದರು. ನಾನು ಬರೆದ ಪುಟವನ್ನು ಗ್ಯಾರೇಜಿನಲ್ಲೇ ನಿಂತು ಓದಿದರು. ಐದು ಮಾಲೀಕರ ಹೆಸರು, ವರ್ಷ, ಊರು. ಐದನೆಯವರು ಬೈಂದೂರಿನ ಹೆಂಗಸು, ಹದಿನೇಳು ದಿನ. ಅದರ ಕೆಳಗೆ ಎರಡು ಸಾಲು ಹೆಚ್ಚಿಗೆ ಸೇರಿಸಿದ್ದೆ. ಮೊದಲ ಖರೀದಿಯ ಹಣ ಯಾರ ಸರದ್ದು ಎಂಬುದು ಒಂದು. 1966ರಿಂದ 1978ರವರೆಗೆ ನಡೆಸಿದವರು ಯಾರು ಎಂಬುದು ಇನ್ನೊಂದು.

“ಇವರು ಯಾರು?” ಎಂದು ಎರಡನೆಯ ಹೆಸರಿನ ಮೇಲೆ ಬೆರಳಿಟ್ಟರು.

“ನನ್ನ ಅಜ್ಜಯ್ಯ.”

ಅವರು ಒಳ್ಳೆಯ ಮನುಷ್ಯ. ಆ ಸಾಲು ಇರಲಿ ಎಂದರು. ಸರದ ಸಾಲು ಬೇಡ, ಮನೆತನದವರು ಬೇಸರ ಮಾಡಿಕೊಳ್ಳಬಹುದು ಎಂದರು. ಮರದ ತುಂಡು ಖಂಡಿತ ಬೇಡ. ರ‍್ಯಾಲಿಯಲ್ಲಿ ತೀರ್ಪುಗಾರರು ಮೂಲದಲ್ಲಿ ಇಲ್ಲದ್ದು ಕಂಡರೆ ಅಂಕ ಕಳೆಯುತ್ತಾರೆ. ನಾನು ವಾದ ಮಾಡಲಿಲ್ಲ. ಸರದ ಸಾಲಿಗಾಗಿ ವಾದ ಮಾಡಬೇಕಿತ್ತು ಎಂದು ಈಗ ಅನಿಸುತ್ತದೆ. ಅಜ್ಜಯ್ಯನ ಹೆಸರು ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಇನ್ನೊಬ್ಬರ ಹೆಸರು ಬಿಟ್ಟುಕೊಟ್ಟೆ.

ಹಳೆಯ ನಂಬರು ಅವರಿಗೆ ಸಿಕ್ಕಿತು.

ಮರದ ತುಂಡನ್ನು ಮೆಕ್ಯಾನಿಕ್ಕು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅಮ್ಮಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ತೂತಿನೊಳಗೆ ಬೆರಳು ಹಾಕಿದರು, ಏನೂ ಹೇಳಲಿಲ್ಲ. ಹೊರಗೆ ಮಳೆ ಜೋರಾಗಿತ್ತು. ಗಾಳಿಗೆ ಹಿತ್ತಿಲ ಬಾಗಿಲು ಒಂದೇ ಸವನೆ ಬಡಿದುಕೊಳ್ಳುತ್ತಿತ್ತು. ಅವರು ಎದ್ದು ಹೋಗಿ ಬಾಗಿಲಿನ ಬುಡಕ್ಕೆ ಆ ತುಂಡನ್ನು ಅಡ್ಡ ಇಟ್ಟು, ಕಾಲಿನಿಂದ ಸರಿಯಾಗಿ ಒತ್ತಿ, ಒಳಗೆ ಬಂದರು.